ದೇವರ ಕಡೆಗೆ ತಿರುಗಿಕೊಂಡವರು ತೀರಿಸಬೇಕಾದ ಲೆಕ್ಕ

ಉಪವಾಸ ಕೂಟದಲ್ಲಿ ಬಿಕ್ಕಿ ಬಿಕ್ಕಿ ಅತ್ತು, ಹಗುರಾಗಿ ಮನೆಗೆ ಹೋಗಿ, ಸೋಮವಾರ ಬೆಳಿಗ್ಗೆ ಅದೇ ಮೋಸದ ತಕ್ಕಡಿ ಹಿಡಿಯುವವರು ಇದ್ದಾರೆ. ಪಶ್ಚಾತ್ತಾಪ ಅನ್ನೋ ಪದದಲ್ಲೇ ಈ ಅಪಾಯವಿದೆ: ಆಮೇಲೆ ಉಂಟಾಗುವ ತಾಪ ಅಂತಷ್ಟೇ ಅದರ ಅರ್ಥ. ಬೈಬಲಿನಲ್ಲಿ ಇದಕ್ಕೆ ಬರುವ ಹೀಬ್ರೂ ಪದ 'ಶೂವ್' ಅಂದರೆ ತಿರುಗು, ಮರಳಿ ಬಾ. ಏನು ಮಾಡಬೇಕು ಅಂತ ಜನ ಕೇಳಿದಾಗ ಸ್ನಾನಿಕನಾದ ಯೋಹಾನ ಒಬ್ಬೊಬ್ಬರಿಗೂ ಅವರವರ ಕಸುಬು ನೋಡಿಯೇ ಉತ್ತರ ಕೊಟ್ಟ (ಲೂಕ 3). ಸುಂಕದವರು ಗೊತ್ತುಮಾಡಿದ್ದಕ್ಕಿಂತ ಹೆಚ್ಚು ಎತ್ತಬಾರದು, ಸಿಪಾಯಿಗಳು ಹೆದರಿಸಿ ದುಡ್ಡು ಕೀಳಬಾರದು, ಎರಡು ಅಂಗಿ ಇದ್ದವನು ಇಲ್ಲದವನಿಗೆ ಒಂದು ಕೊಡಬೇಕು. ನೀವೂ ನಿಮ್ಮ ಕಸುಬಿನಿಂದಲೇ ಶುರುಮಾಡಿ.

ಮೊದಲು ಒಂದು ಹಾಳೆ, ಅರ್ಧ ಗಂಟೆ ಏಕಾಂತ. ಪಾಪ ಒಪ್ಪಿಕೊಂಡು ಕ್ಷಮೆ ಬೇಡುವ 51ನೇ ಕೀರ್ತನೆ ಓದಿ, ನಾಲ್ಕು ಕಾಲಮ್ ಎಳೆಯಿರಿ: ಯಾರಿಗೆ, ಏನು, ಎಷ್ಟು, ಯಾವಾಗಿಂದ. 'ನಾನು ಸ್ವಾರ್ಥಿ' ಅಂತ ಬರೆದರೆ ಮುಂದೆ ಮಾಡೋದಕ್ಕೆ ಏನೂ ಸಿಗುವುದಿಲ್ಲ. 'ಮನೆಕೆಲಸದಾಕೆಯ ಸಂಬಳದಲ್ಲಿ ಸುಳ್ಳು ರಜೆ ತೋರಿಸಿ ತಿಂಗಳಿಗೆ 500 ರೂಪಾಯಿಯಂತೆ 8 ತಿಂಗಳು ಹಿಡಿದೆ' ಅಂತ ಬರೆಯಿರಿ. ಆ ಸಾಲನ್ನೇ ದೇವರ ಮುಂದೆ ಬಾಯಿಬಿಟ್ಟು ಓದಿ, ಕ್ಷಮೆ ಬೇಡಿ. ಕ್ಯಾಥೋಲಿಕರು ಇದನ್ನು ಪಾಪನಿವೇದನೆಗೆ ಒಯ್ಯಬಹುದು; ಆದರೆ ಗುರು ಹೇಳುವ ಪ್ರಾಯಶ್ಚಿತ್ತದ ಪ್ರಾರ್ಥನೆ ಬೇರೆ, ಕದ್ದದ್ದನ್ನು ಹಿಂದಿರುಗಿಸುವುದು ಬೇರೆ. ಒಂದು ಮಾಡಿದರೆ ಇನ್ನೊಂದು ತೀರಲಿಲ್ಲ.

ಆವತ್ತೇ ಕೆಟ್ಟ ಕೆಲಸ ನಿಲ್ಲಬೇಕು. ಸುಳ್ಳು ತೂಕದ ಬಟ್ಟನ್ನು ಒಳಗೆ ಎತ್ತಿಡಬೇಡಿ, ಅಂಗಡಿಯಿಂದಲೇ ಹೊರಗೆ ಹಾಕಿ.

ಇನ್ನು ತೀರಿಸುವುದು. ಹೆಚ್ಚಿನವರು ಜಾರುವುದು ಇಲ್ಲೇ. ಯಾಜಕಕಾಂಡ 6ರ ಲೆಕ್ಕ: ಅಸಲು, ಅದರ ಮೇಲೆ ಐದನೇ ಒಂದು ಪಾಲು. ಮೇಲಿನ 4,000ಕ್ಕೆ 800 ಸೇರಿ 4,800. ಯೇಸುವನ್ನು ಮನೆಗೆ ಕರೆದುಕೊಂಡ ಸುಂಕದವನು ಜಕ್ಕಾಯ, ಮೋಸದಿಂದ ಕಿತ್ತದ್ದಕ್ಕೆ ನಾಲ್ಕರಷ್ಟು ಕೊಡುತ್ತೇನೆ ಅಂದದ್ದು ತಾನಾಗಿ (ಲೂಕ 19). ಅದನ್ನು ಇನ್ನೊಬ್ಬರ ಮೇಲೆ ಹೇರಬೇಡಿ. ಒಟ್ಟಿಗೆ ಆಗದಿದ್ದರೆ ಕಂತು ಮಾಡಿ, ತಾರೀಖು ಹೇಳಿ. ಅವರಿಗೆ ಕೊಡಬೇಕಾದ ಹಣವನ್ನು ಕಾಣಿಕೆ ಪೆಟ್ಟಿಗೆಗೆ ಹಾಕಿ ಕೈತೊಳೆದುಕೊಳ್ಳುವುದು ದೊಡ್ಡ ತಪ್ಪು. ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಮೊದಲು ಹೋಗಿ ಸಮಾಧಾನವಾಗು ಅಂತ ಯೇಸು ಹೇಳಿದ್ದಾನೆ (ಮತ್ತಾಯ 5). ಆ ಕೆಲಸದಾಕೆ ತೀರಿಕೊಂಡಿದ್ದರೆ ಆಕೆಯ ಮಕ್ಕಳಿಗೆ ಕೊಡಿ. ಹೆಸರು ಗೊತ್ತಿಲ್ಲದ ಗಿರಾಕಿಗಳಾದರೆ ಅಂದಾಜು ಮಾಡಿ, ಅದೇ ಕೇರಿಯ ಬಡವರಿಗೆ ಮುಟ್ಟಿಸಿ.

ಹೇಳುವ ಮಾತು ಮೂರೇ: 'ನಿಮ್ಮ ಸಂಬಳದಲ್ಲಿ ಮೋಸ ಮಾಡಿದೆನಮ್ಮ. ತಪ್ಪಾಯ್ತು. ಇದು ನಿಮ್ಮ ದುಡ್ಡು.' 'ಆದರೆ ಆಗ ನಮಗೂ ಕಷ್ಟ ಇತ್ತು' ಅಂದರೆ ಎಲ್ಲ ಕೆಟ್ಟಿತು. 'ಕ್ಷಮಿಸಿದೆ ಅನ್ನಿ' ಅಂತ ಒತ್ತಾಯಿಸುವುದೂ ಬೇಡ. ಆಕೆ ಹಣ ತೆಗೆದುಕೊಂಡು ಮಾತಾಡದೆ ಹೋದರೂ ನಿಮ್ಮ ಕೆಲಸ ಆಗಿದೆ.

ಎಲ್ಲ ತಪ್ಪಿಗೂ ಬಾಗಿಲು ತಟ್ಟಬಾರದು. ಹೊಡೆದವರು, ಲೈಂಗಿಕವಾಗಿ ಹಿಂಸಿಸಿದವರು ನೊಂದವರ ಎದುರಿಗೆ ಹೋಗಿ ನಿಂತರೆ ಅದು ಇನ್ನೊಂದು ಹಿಂಸೆ. ದೂರ ಇರಿ, ಕಾನೂನಿಗೆ ತಲೆಬಾಗಿ. ಸಭೆಯ ಮುಂದೆ ಸಾಕ್ಷಿ ಹೇಳುವಾಗಲೂ ಇನ್ನೊಬ್ಬರ ಮಾನ ಹೋಗುವ ವಿವರ ಬೇಡ.

ಹಾಗಂತ ಹಣ ಹಿಂದಿರುಗಿಸಿದರೆ ಮುಗಿಯಿತು ಅಂತಲೂ ಅಲ್ಲ. ಯೇಸುವನ್ನು ಹಿಡಿದುಕೊಟ್ಟ ಶಿಷ್ಯ ಇಸ್ಕರಿಯೋತ ಯೂದನೂ ಅದಕ್ಕೆ ಪಡೆದ 30 ಬೆಳ್ಳಿ ನಾಣ್ಯ ವಾಪಸ್ ಕೊಟ್ಟ, ತಪ್ಪೊಪ್ಪಿಕೊಂಡ. ಆದರೆ ಹೋದದ್ದು ಮಹಾಯಾಜಕರ ಬಳಿಗೆ. ಅವರು ನಮಗೇನು ಅಂದರು. ಅವನು ಹತಾಶೆಯಲ್ಲೇ ಸತ್ತ. ಯೇಸುವನ್ನು ಅರಿಯೆ ಅಂತ ಮೂರು ಸಲ ಅಲ್ಲಗಳೆದ ಶಿಷ್ಯ ಪೇತ್ರ ಅತ್ತು, ಯೇಸುವಿನ ಹತ್ತಿರಕ್ಕೇ ಮರಳಿದ. ಹತಾಶೆ ಹತ್ತಿಕೊಂಡರೆ ಒಬ್ಬರೇ ಕೂರಬೇಡಿ, ಸಭಾಪಾಲಕರನ್ನೋ ನಂಬಿಕೆಯ ಹಿರಿಯರನ್ನೋ ಅವತ್ತೇ ಕಾಣಿ.

ಬಿಟ್ಟ ಜಾಗವನ್ನು ಖಾಲಿ ಬಿಡಬಾರದು. ಕಳ್ಳನು ಇನ್ನು ಕದಿಯದಿದ್ದರಷ್ಟೇ ಸಾಲದು, ಕೊರತೆಯವರಿಗೆ ಕೊಡುವಂತೆ ಕೈಯಾರೆ ದುಡಿಯಲಿ ಅನ್ನುತ್ತಾನೆ ಪೌಲ (ಎಫೆಸ 4). ಸಂಬಳ ಹಿಡಿದವರು ಇನ್ನು ಮೇಲೆ 1ನೇ ತಾರೀಖಿಗೇ ಪೂರ್ತಿ ಕೊಟ್ಟು, ವಾರದ ರಜೆಯನ್ನೂ ಕೊಡಲಿ. ಚಾಡಿ ಹೇಳಿದವರು, ಯಾರ ಮುಂದೆ ಹೇಳಿದರೋ ಅವರ ಮುಂದೆಯೇ ಸುಳ್ಳು ಅಂತ ಒಪ್ಪಿಕೊಳ್ಳಲಿ.

ಮತ್ತೆ ಬಿದ್ದರೆ ಹೊಸ ಹಾಳೆ ತೆಗೆಯಬೇಡಿ. ಅದೇ ಹಾಳೆಯಲ್ಲಿ, ತಾರೀಖು ಹಾಕಿ, ಕೆಳಗೆ ಇನ್ನೊಂದು ಸಾಲು ಬರೆಯಿರಿ.