ಹುರುಳಿಕಾಳು ಮೊಳಕೆ ಕಟ್ಟುವುದು: ಲೋಳೆಯಾಗದಂತೆ, ವಾಸನೆ ಬಾರದಂತೆ

ಮೊಳಕೆ ಬರಿಸಿದರೆ ಹುರುಳಿಯಲ್ಲಿ ಪ್ರೋಟೀನ್ ದುಪ್ಪಟ್ಟಾಗುತ್ತದೆ ಅಂತ ನಂಬಿದವರು ಬಹಳ. ಹಾಗೇನೂ ಆಗುವುದಿಲ್ಲ. 100 ಗ್ರಾಂ ಒಣ ಹುರುಳಿಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇರುತ್ತದೆ, ಅದೇ ಕಾಳು ಮೊಳೆತ ಮೇಲೂ ಹೆಚ್ಚುಕಮ್ಮಿ ಅಷ್ಟೇ. ಲಾಭ ಬೇರೆ ಕಡೆ ಇದೆ: ಕಬ್ಬಿಣ, ಸತುವಿನಂಶ ಮೈಗೆ ಹತ್ತದಂತೆ ತಡೆಯುವ ಫೈಟೇಟ್ ಇಳಿಯುತ್ತದೆ, ಹೊಟ್ಟೆಯುಬ್ಬರವೂ ಕಡಿಮೆ.

ಹೊಸ ಫಸಲಿನ ಕಾಳು ತನ್ನಿ. ಔಷಧಿ ಸವರಿದ ಬಿತ್ತನೆ ಬೀಜ ಅಡುಗೆಮನೆಗೆ ಬರಲೇಬಾರದು. ಕಲ್ಲು ಆರಿಸಿ, ತೊಳೆದು, ರಾತ್ರಿಯಿಡೀ ನೆನೆಹಾಕಿ.

ಕೆಡುವುದು ಬೆಳಗ್ಗೆ. ನೀರು ಬಗ್ಗಿಸಿದವರೇ ಕಾಳನ್ನು ಬಟ್ಟೆಗೆ ಸುರಿದು ಗಂಟು ಬಿಗಿದುಬಿಡುತ್ತಾರೆ. ಸಂಜೆಗೆ ಲೋಳೆ. ಮೊದಲು ತೂತಿನ ಪಾತ್ರೆಯಲ್ಲಿ ಅರ್ಧ ಗಂಟೆ ಓರೆಯಾಗಿ ಬಸಿಯಲು ಇಡಿ. ಒಂದು ಹಿಡಿ ಕೈಗೆ ತೆಗೆದುಕೊಂಡರೆ ಅಂಗೈ ಒದ್ದೆಯಾಗಬೇಕು, ಹನಿ ಬೀಳಬಾರದು. ನೆನೆದರೂ ಉಬ್ಬದೆ ಉಳಿದ ಗಟ್ಟಿಕಾಳು ಕಣ್ಣಿಗೆ ಬೀಳುವುದು ಆಗಲೇ, ಹೆಕ್ಕಿ ಎಸೆಯಿರಿ. ಅವು ಮೊಳೆಯುವುದೂ ಇಲ್ಲ, ಸರಿಯಾಗಿ ಬೇಯುವುದೂ ಇಲ್ಲ. ಹಳೇ ಪಂಚೆಯ ತುಂಡು ಒದ್ದೆ ಮಾಡಿ, ಚೆನ್ನಾಗಿ ಹಿಂಡಿ, ಸಡಿಲವಾಗಿ ಕಟ್ಟಿ. ಮೊಳೆಯುವ ಕಾಳು ಉಸಿರಾಡುತ್ತದೆ, ಬಿಸಿಯಾಗುತ್ತದೆ. ಸಂಜೆ ಗಂಟು ಬಿಚ್ಚಿ ನಡುವೆ ಬೆರಳಿಟ್ಟು ನೋಡಿ. ಬಿಸಿ ತಗುಲಿದರೆ ತಣ್ಣೀರಲ್ಲಿ ಜಾಲಿಸಿ, ಮತ್ತೆ ಬಸಿದು ಕಟ್ಟಿ. ಬೇಸಿಗೆಯಲ್ಲಿ ಇದನ್ನು ತಪ್ಪಿಸಲೇಬೇಡಿ. ಬುಟ್ಟಿಯಲ್ಲಿಡಿ, ಮುಚ್ಚಳದ ಡಬ್ಬಿ ಬೇಡ. ಸೆಕೆಗೆ ಒಂದು ದಿನ ಸಾಕು, ಚಳಿಗೆ ಎರಡು. ಮೊಳಕೆ ಕಾಳಿನಷ್ಟು ಉದ್ದ ಬಂದರೆ ನಿಲ್ಲಿಸಿ.

ಅಂತಸ್ತು ಅಂತಸ್ತಿನ ಪ್ಲಾಸ್ಟಿಕ್ ಸ್ಪ್ರೌಟ್ ಮೇಕರ್ ದುಡ್ಡು ದಂಡ. ಸಣ್ಣ ಹುರುಳಿ ತೂತಿಗೆ ಕೂತು ನೀರು ಕಟ್ಟಿಕೊಳ್ಳುತ್ತದೆ, ಕೆಳಗಿನ ಕಾಳು ಕೊಳೆಯುತ್ತದೆ. ಒಳಗೆ ಬೆವರು ಕೂತ ಅಂಗಡಿ ಪ್ಯಾಕೆಟ್ಟನ್ನು ಮುಟ್ಟಲೇಬೇಡಿ.

ಹಸಿಯಾಗಿ ತಿನ್ನಬಹುದೇ? ಬೇಡ. ಮೊಳಕೆಗೆ ಬೇಕಾದ ತೇವ, ಬೆಚ್ಚಗೆ ಎರಡೂ ರೋಗಾಣುವಿಗೂ ಒಗ್ಗುತ್ತವೆ. 2011ರಲ್ಲಿ ಜರ್ಮನಿಯಲ್ಲಿ ಸುಮಾರು 50 ಜನರನ್ನು ಬಲಿ ತೆಗೆದುಕೊಂಡ ಇ. ಕೋಲಿ ಸೋಂಕಿನ ಜಾಡು ಹಿಡಿದಾಗ ಸಿಕ್ಕಿದ್ದು ಮೆಂತ್ಯದ ಮೊಳಕೆ. ಕುಕ್ಕರಿನಲ್ಲಿ ಮೂರು ಕೂಗು ಕೂಗಿಸಿ. ಬೇಗ ಬೇಯಲೆಂದು ಸೋಡಾ ಹಾಕಿದರೆ ಬಿ1 ಜೀವಸತ್ವ ಹೋಗುತ್ತದೆ. ಬಸಿದ ಕಟ್ಟನ್ನು ಚೆಲ್ಲಬೇಡಿ, ಬಸ್ಸಾರಿನ ರುಚಿಯೆಲ್ಲ ಅದರಲ್ಲೇ.

ಜತೆಗೆ ರಾಗಿಮುದ್ದೆಯೇ ಆಗಬೇಕೆಂಬುದು ನನ್ನ ಹಟ, ಅದಕ್ಕೆ ಕಾರಣವೂ ಉಂಟು. ಪ್ರೋಟೀನ್ ಕಟ್ಟುವ ಅಮೈನೋ ಆಮ್ಲಗಳಲ್ಲಿ ಒಂದಾದ ಲೈಸೀನ್ ರಾಗಿಯಲ್ಲಿ ಕಡಿಮೆ, ಹುರುಳಿಯಲ್ಲಿ ಧಾರಾಳ. ಹುರುಳಿಗೆ ಸಾಲದ ಮೆಥಿಯೋನಿನ್ ಎಂಬ ಇನ್ನೊಂದು ಅಮೈನೋ ಆಮ್ಲ ರಾಗಿಯಲ್ಲಿ ಸಿಗುತ್ತದೆ. ಅನ್ನವಾದರೂ ನಡೆಯುತ್ತದೆ. ಆದರೆ ಒಂದು ಬಟ್ಟಲು ಸಾರು ಕುಡಿದು ದಿನದ ಪ್ರೋಟೀನ್ ಮುಗಿಯಿತು ಅಂದುಕೊಳ್ಳಬೇಡಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ಹೇಳಿದ ಪ್ರಮಾಣ ದೇಹತೂಕದ ಕಿಲೋಗೆ ದಿನಕ್ಕೆ 0.83 ಗ್ರಾಂ. 60 ಕಿಲೋದವರಿಗೆ ಸುಮಾರು 50 ಗ್ರಾಂ ಆಯಿತು. 30 ಗ್ರಾಂ ಒಣ ಹುರುಳಿ ಕೊಡುವುದು ಆರೇಳು ಗ್ರಾಂ ಮಾತ್ರ. ಮಿಕ್ಕದ್ದಕ್ಕೆ ಬೆಳಗ್ಗೆ ಕಡಲೆಕಾಳಿನ ಉಸಲಿ, ರಾತ್ರಿ ತೊವ್ವೆ, ನಡುವೆ ಒಂದು ಹಿಡಿ ಕಡಲೆಕಾಯಿ, ಮೊಸರು ಇರಲಿ.