ಆಪರೇಷನ್ ಹೊಟ್ಟೆಗೆ, ಕಾಳಜಿ ಕಾಲಿಗೆ

ಹಸಿರು ಬಟ್ಟೆ ಹೊದಿಸಿದ ಮೇಲೆ ರೋಗಿಯ ಕಾಲು ಯಾರಿಗೂ ಕಾಣುವುದಿಲ್ಲ. ಮೀನಖಂಡದ ಆಳದ ರಕ್ತನಾಳದಲ್ಲಿ ಹೆಪ್ಪು ಎಷ್ಟೋ ಸಲ ಶುರುವಾಗುವುದು ಅಲ್ಲೇ, ಟೇಬಲ್ ಮೇಲೆ. ಸ್ನಾಯು ಸಡಿಲಿಸುವ ಔಷಧ ಹೋದ ಕೂಡಲೇ ಮೀನಖಂಡ ರಕ್ತವನ್ನು ಮೇಲಕ್ಕೆ ತಳ್ಳುವುದು ನಿಲ್ಲುತ್ತದೆ. ಲ್ಯಾಪ್ರೋಸ್ಕೋಪಿಯಾದರೆ ಹೊಟ್ಟೆಗೆ 12ರಿಂದ 14 ಮಿ.ಮೀ. ಪಾದರಸದ ಒತ್ತಡದಲ್ಲಿ ಗ್ಯಾಸ್ ತುಂಬುತ್ತೇವೆ, ಪಿತ್ತಕೋಶಕ್ಕಾದರೆ ತಲೆಭಾಗವನ್ನೂ ಎತ್ತುತ್ತೇವೆ. ಕಾಲಿನ ರಕ್ತ ಕಾಲಲ್ಲೇ ನಿಲ್ಲುತ್ತದೆ. ಹಾಗಾಗಿ ‘ಸಣ್ಣ ತೂತಿನ ಆಪರೇಷನ್, ಏನಾಗ್ತದ’ ಎನ್ನುವ ಮಾತನ್ನು ವಿಜಯಪುರದ ನಮ್ಮ ಥಿಯೇಟರಿನಲ್ಲಿ ನಾನು ಒಪ್ಪುವುದಿಲ್ಲ.

ಅರಿವಳಿಕೆ ತಪಾಸಣೆಗೆ ಬಂದ ದಿನವೇ ಕೇಸ್ ಶೀಟಿನ ಮೂಲೆಯಲ್ಲಿ ಕ್ಯಾಪ್ರಿನಿ ಅಂಕ, ಅಂದರೆ ಹೆಪ್ಪುಗಟ್ಟುವ ಅಪಾಯ ಎಷ್ಟೆಂದು ಅಳೆಯುವ ಲೆಕ್ಕ, ಬರೆಯುತ್ತೇನೆ. ವಯಸ್ಸು 41ರಿಂದ 60 ಆದರೆ 1, 61ರಿಂದ 74ಕ್ಕೆ 2, 75 ತುಂಬಿದರೆ 3. ಮುಕ್ಕಾಲು ತಾಸು ಮೀರುವ ಆಪರೇಷನ್‌ಗೆ 2, ಕ್ಯಾನ್ಸರಿಗೆ 2, ಕಾಲಲ್ಲಿ ಉಬ್ಬಿದ ನರಗಳಿದ್ದರೆ 1, ಹಿಂದೆ ಹೆಪ್ಪುಗಟ್ಟಿದ್ದರೆ 3. ಕರುಳಿನ ಕ್ಯಾನ್ಸರಿನ 65ರ ಅಜ್ಜನಿಗೆ ಬೇರೇನೂ ಇಲ್ಲದೆಯೇ 6 ಆಗುತ್ತದೆ; 5 ಮುಟ್ಟಿದರೆ ಹೆಚ್ಚಿನ ಅಪಾಯದ ಗುಂಪು. ಹೆಣ್ಣುಮಕ್ಕಳಿಗೆ ಗರ್ಭನಿರೋಧಕ ಮಾತ್ರೆಯ ಬಗ್ಗೆ ಬಾಯಿಬಿಟ್ಟು ಕೇಳಬೇಕು, ಅತ್ತೆ ಎದುರಿಗಿದ್ದರೆ ಹೇಳುವುದಿಲ್ಲ. ಹೆಪ್ಪಿನ ಅಪಾಯ ಹೆಚ್ಚಿಸುವ ಈಸ್ಟ್ರೋಜನ್ ಇರುವ ಮಾತ್ರೆಯಾದರೆ, ಆಪರೇಷನ್ ಮುಂದೂಡಬಹುದಾದದ್ದಾದರೆ, 4 ವಾರ ಮೊದಲೇ ನಿಲ್ಲಿಸಿ ಬೇರೆ ಉಪಾಯ ಹೇಳುತ್ತೇನೆ.

ನೀರಿನದು ಇನ್ನೊಂದು ಗೋಳು. ‘ರಾತ್ರಿ ಎಂಟಕ್ಕ ಉಂಡದ್ದರೀ, ಆಮ್ಯಾಲ ಹನಿ ನೀರೂ ಮುಟ್ಟಿಲ್ಲ’ ಎಂದು ಹೆಮ್ಮೆಯಿಂದ ಹೇಳುತ್ತಾರೆ. ನಮ್ಮ ಮೇ ತಿಂಗಳ ಬಿಸಿಲಲ್ಲಿ ಹಾಗೆ ಒಣಗಿ ಬಂದ ರೋಗಿಯ ರಕ್ತ ಗಟ್ಟಿಯಾಗಿರುತ್ತದೆ. ಊಟಕ್ಕೆ 6 ತಾಸಿನ ಅಂತರ ಸಾಕು, ತಿಳಿ ನೀರನ್ನು 2 ತಾಸು ಮೊದಲಿನವರೆಗೂ ಕುಡಿಯಬಹುದು. ಕರುಳು ಕಟ್ಟಿಕೊಂಡವರಿಗೆ ಮಾತ್ರ ಇದು ಹೊಂದುವುದಿಲ್ಲ, ಅವರಿಗೆ ಸಲೈನ್.

ಹೆಪ್ಪು ತಡೆಯುವ ಇಂಜೆಕ್ಷನ್ ಹೆಪಾರಿನ್ ಕೆಲಸ ಮಾಡುತ್ತದೆಯೇ ಎಂಬ ಅನುಮಾನ 1975ಕ್ಕೇ ಮುಗಿದಿದೆ. ಲಂಡನ್ನಿನಲ್ಲಿದ್ದ ಸರ್ಜನ್ ವಿ.ವಿ. ಕಕ್ಕರ್ ಮುಂದಾಳುತನದ ಅಧ್ಯಯನದಲ್ಲಿ 4,121 ರೋಗಿಗಳಿದ್ದರು. ಹೆಪ್ಪು ಶ್ವಾಸಕೋಶಕ್ಕೆ ಹೋಗಿ ಸತ್ತವರು ಹೆಪಾರಿನ್ ಇಲ್ಲದ ಗುಂಪಿನಲ್ಲಿ 16, ಇದ್ದ ಗುಂಪಿನಲ್ಲಿ 2. ಈಗ ಕೈ ತಪ್ಪುವುದು ಹೊತ್ತಿನಲ್ಲಿ. ಹೆಪಾರಿನ್ನಿನದೇ ಒಂದು ಬಗೆಯಾದ ಇನಾಕ್ಸಾಪರಿನ್ 40 ಮಿ.ಗ್ರಾಂ. ದಿನಕ್ಕೊಂದು. ಕೊಟ್ಟ ಮೇಲೆ 12 ತಾಸಿನ ಒಳಗೆ ಬೆನ್ನಿಗೆ ಅರಿವಳಿಕೆಯ ಸೂಜಿ (ಸ್ಪೈನಲ್) ಹಾಕಿದರೆ ಬೆನ್ನುಹುರಿಯ ಸುತ್ತ ರಕ್ತ ಸೇರಿ ಕಾಲಿನ ಬಲವೇ ಹೋಗಬಹುದು. ಅದಕ್ಕೇ ನಾನು ವಾರ್ಡಿಗೆ ಒಂದೇ ಹೊತ್ತು ಬರೆದುಕೊಡುತ್ತೇನೆ: ರಾತ್ರಿ 8. ಮರುದಿನ ಬೆಳಿಗ್ಗೆ 8ರ ನಂತರ ಸ್ಪೈನಲ್. ನೋವು ತಡೆಯಲು ಬೆನ್ನಿಗೆ ಹಾಕಿದ ಎಪಿಡ್ಯೂರಲ್ ನಳಿಕೆ ಇದ್ದರೆ ಅದನ್ನು ತೆಗೆಯುವುದೂ ಬೆಳಿಗ್ಗೆ 8ರ ಮೇಲೆಯೇ, ತೆಗೆದು ಕನಿಷ್ಠ 4 ತಾಸು ಕಳೆಯದೆ ಮುಂದಿನ ಡೋಸ್ ಇಲ್ಲ. ರಾತ್ರಿ ಪಾಳಿಯ ಸಿಸ್ಟರ್ ಮರೆತು ಬೆಳಿಗ್ಗೆ 6ಕ್ಕೆ ಕೊಟ್ಟರೆ ಆ ದಿನದ ಲೆಕ್ಕವೆಲ್ಲ ಕೆಡುತ್ತದೆ. ಆದ್ದರಿಂದ ‘ಕೊಟ್ರೇನ್ರೀ?’ ಎಂದು ಕೇಳುವುದಿಲ್ಲ, ‘ಎಷ್ಟಕ್ಕ ಕೊಟ್ರಿ?’ ಎಂದು ಕೇಳುತ್ತೇನೆ.

ಕಿಡ್ನಿ ಕೈಕೊಟ್ಟವರಿಗೆ ಸಾದಾ ಹೆಪಾರಿನ್ 5,000 ಯೂನಿಟ್, 8 ಅಥವಾ 12 ತಾಸಿಗೊಮ್ಮೆ ಚರ್ಮದಡಿ. ಇಲ್ಲಿ ಬಾಟಲಿ ನೋಡಿ. 5 ಮಿ.ಲೀ. ಸೀಸೆ ಎರಡು ಬಗೆಯದು ಸಿಗುತ್ತದೆ, ಒಂದರಲ್ಲಿ 25,000 ಯೂನಿಟ್, ಇನ್ನೊಂದರಲ್ಲಿ ಬರೀ 5,000. ಮೊದಲನೆಯದರಲ್ಲಿ 1 ಮಿ.ಲೀ. ಎಳೆದರೆ ಸರಿಯಾದ ಡೋಸ್. ಅದೇ 1 ಮಿ.ಲೀ. ಎರಡನೆಯದರಿಂದ ಎಳೆದರೆ ಸಾವಿರ ಯೂನಿಟ್ ಅಷ್ಟೇ: ಚಾರ್ಟಿನಲ್ಲಿ ಟಿಕ್ ಬಿದ್ದಿರುತ್ತದೆ, ರೋಗಿಗೆ ರಕ್ಷಣೆ ಇರುವುದಿಲ್ಲ.

ಟೇಬಲ್ ಮೇಲೆ ಮೀನಖಂಡ ಹಿಂಡುವ, ಗಾಳಿ ತುಂಬುವ ಪಟ್ಟಿಗಳನ್ನು ಅರಿವಳಿಕೆಗೆ ಮೊದಲೇ ಕಾಲಿಗೆ ಕಟ್ಟಿ ಪಂಪು ಶುರು ಮಾಡಬೇಕು. ಪಟ್ಟಿಯೊಳಗೆ ಎರಡು ಬೆರಳು ಹೋಗುವಷ್ಟು ಸಡಿಲ, ಕೊಳವೆ ಚರ್ಮಕ್ಕೆ ಒತ್ತದಂತೆ ಹೊರಮುಖ. ಮೂರು ದಿನದಿಂದ ಹಾಸಿಗೆ ಹಿಡಿದವರಿಗೆ ಮೊದಲು ರಕ್ತನಾಳದ ಸ್ಕ್ಯಾನ್ ಆದ ಡಾಪ್ಲರ್ ಮಾಡಿಸಿಯೇ ಇದನ್ನು ಕಟ್ಟುವುದು, ಇದ್ದ ಹೆಪ್ಪನ್ನು ನಾವೇ ಹಿಂಡಿ ಮೇಲಕ್ಕೆ ಕಳಿಸಿದಂತಾಗಬಾರದು. ಕೆಡುವುದು ಬಹಳಷ್ಟು ಸಲ ಪ್ಲಗ್ಗಿನಲ್ಲಿ: ರಕ್ತಸ್ರಾವ ನಿಲ್ಲಿಸುವ ಕಾಟರಿ ಯಂತ್ರಕ್ಕೆ ಸಾಕೆಟ್ ಬೇಕೆಂದು ಯಾರೋ ಪಂಪಿನದನ್ನು ಕಿತ್ತಿರುತ್ತಾರೆ. ಅರ್ಧ ತಾಸಿಗೊಮ್ಮೆ ಬಟ್ಟೆಯ ಕೆಳಗೆ ಕೈ ಹಾಕಿ ಪಟ್ಟಿ ಉಬ್ಬುವುದನ್ನು ಮುಟ್ಟಿಯೇ ನೋಡುತ್ತೇನೆ. ಹಿಮ್ಮಡಿಯ ಕೆಳಗೆ ಮೆತ್ತೆ ಇಟ್ಟು ಮೀನಖಂಡ ಟೇಬಲ್ಲಿಗೆ ಒತ್ತದಂತೆ ಎತ್ತಿರಬೇಕು, ಆದರೆ ಮೊಣಕಾಲು ಹಿಂದಕ್ಕೆ ಸೆಟೆಯಬಾರದು. ಸೆಟೆದರೆ ಮೊಣಕಾಲ ಹಿಂದಿನ ರಕ್ತನಾಳ ಮುಚ್ಚುತ್ತದೆ. ತುಸು ಮಡಿಚಿದ್ದರೆ ಸಾಕು.

ಬಿಗಿ ಕಾಲುಚೀಲದ ಮೇಲೆ ನನಗೆ ಅಷ್ಟು ಮೋಹವಿಲ್ಲ. ಕಣಕಾಲಿನಲ್ಲಿ 18, ತೊಡೆಯಲ್ಲಿ 8 ಮಿ.ಮೀ. ಒತ್ತಡ ಬರಬೇಕಾದ ಚೀಲವನ್ನು ಟೇಪ್ ಹಿಡಿದು ಅಳತೆ ಮಾಡದೆ ಹಾಕುತ್ತಾರೆ. ಸೆಕೆಗೆ ರೋಗಿ ಅದನ್ನು ಮೊಣಕಾಲಿನವರೆಗೆ ಸುರುಳಿ ಸುತ್ತುತ್ತಾನೆ, ಆಗ ಅದು ಚೀಲವಲ್ಲ, ಕಾಲಿಗೆ ಕಟ್ಟಿದ ಹಗ್ಗ. ಬೀಡಿ ಸೇದುವವರು, ಹಳೆಯ ಸಕ್ಕರೆ ಕಾಯಿಲೆಯವರಿಗಂತೂ ಪಾದದ ನಾಡಿ ಸಿಗದೆ ಚೀಲ ಹಾಕುವಂತೆಯೇ ಇಲ್ಲ. ಇಂಜೆಕ್ಷನ್ ಸರಿಯಾಗಿ ಹೋಗುತ್ತಿದ್ದರೆ ಚೀಲದಿಂದ ಹೆಚ್ಚಿನ ಲಾಭವಿಲ್ಲವೆಂದು 2020ರಲ್ಲಿ ಬ್ರಿಟನ್ನಿನ ಅಧ್ಯಯನವೂ ತೋರಿಸಿತು.

ವಾರ್ಡಿನಲ್ಲಿ ಎದುರಾಳಿ ಕೌದಿ. ಮನೆಯವರು ಪ್ರೀತಿಯಿಂದ ನಾಲ್ಕು ಮಡಿಕೆ ಮಾಡಿ ಮೊಣಕಾಲಡಿ ತುರುಕುತ್ತಾರೆ, ರಕ್ತನಾಳ ಅಲ್ಲೇ ಅಮುಕುತ್ತದೆ. ‘ಹೊಟ್ಟಿ ಕೊಯ್ದಾರ, ಹೊಲಿಗಿ ಬಿಚ್ಚತಾವ, ಏಳಬ್ಯಾಡ’ ಎನ್ನುವುದನ್ನೂ ಅವರೇ ಹೇಳುವುದು. ನಾನು ಅಂದು ಸಂಜೆಯೇ ಹಾಸಿಗೆಯಂಚಿಗೆ ಕೂಡಿಸಿ, ಸಾಧ್ಯವಾದರೆ ನಾಲ್ಕು ಹೆಜ್ಜೆ ನಡೆಸುತ್ತೇನೆ. ನೋವಿದ್ದರೆ ಯಾರೂ ನಡೆಯುವುದಿಲ್ಲ, ಹಾಗಾಗಿ ನೋವಿನ ಔಷಧ ಅದಕ್ಕೆ ಅರ್ಧ ತಾಸು ಮೊದಲು.

ಹೊಟ್ಟೆಯ ಕ್ಯಾನ್ಸರ್ ಆಪರೇಷನ್ ಆದವರಿಗೆ ಇಂಜೆಕ್ಷನ್ 28 ದಿನ. ಸಿಂದಗಿ, ಇಂಡಿ ಕಡೆಯ ಹಳ್ಳಿಗೆ ಹೋಗುವ ಮಗನಿಗೋ ಸೊಸೆಗೋ ಡಿಸ್ಚಾರ್ಜಿಗೆ ಮೊದಲು ಎರಡು ಸಲ ಕೈಯಲ್ಲಿ ಮಾಡಿಸುತ್ತೇನೆ: ಹೊಕ್ಕುಳಿನಿಂದ ಮೂರು ಬೆರಳು ದೂರ, ಹೊಲಿಗೆಯಿಂದಲೂ ದೂರ, ಚರ್ಮ ಮಡಿಕೆ ಹಿಡಿದು ಸೂಜಿ ನೆಟ್ಟಗೆ, ಸಿರಿಂಜಿನಲ್ಲಿರುವ ಗಾಳಿಗುಳ್ಳೆ ತೆಗೆಯಬಾರದು, ಚುಚ್ಚಿದ ಮೇಲೆ ತಿಕ್ಕಬಾರದು, ಒಂದು ದಿನ ಎಡ, ಒಂದು ದಿನ ಬಲ. ಐದನೇ ದಿನದಿಂದ ಹತ್ತನೇ ದಿನದೊಳಗೆ ಪ್ಲೇಟ್‌ಲೆಟ್ ಎಣಿಸುವಾಗ ಅರ್ಧಕ್ಕೆ ಇಳಿದಿದ್ದರೆ ಹೆಪಾರಿನ್ನೇ ಹೆಪ್ಪುಗಟ್ಟಿಸುತ್ತಿರಬಹುದು, ಅದನ್ನು ಅಲ್ಲಿಗೇ ನಿಲ್ಲಿಸಬೇಕು.

ಒಂದು ಕಾಲು ಬಾತರೆ ಟೇಪ್ ಹಿಡಿಯುತ್ತೇವೆ. ಮೊಣಕಾಲ ಕೆಳಗಿನ ಎಲುಬಿನ ಉಬ್ಬಿನಿಂದ 10 ಸೆಂ.ಮೀ. ಕೆಳಗೆ ಎರಡೂ ಕಾಲಿನ ಸುತ್ತಳತೆ, 3 ಸೆಂ.ಮೀ. ಮೀರಿ ವ್ಯತ್ಯಾಸವಿದ್ದರೆ ಅದೇ ದಿನ ಡಾಪ್ಲರ್. ಅಷ್ಟರಲ್ಲಿ ಸೊಸೆ ಎಣ್ಣೆ ಬಟ್ಟಲು ಹಿಡಿದು ‘ಅತ್ತಿ ಕಾಲು ಒತ್ತತೀನ್ರೀ’ ಎಂದು ಬಂದರೆ ಬಟ್ಟಲನ್ನು ಇಸಿದುಕೊಳ್ಳುವುದೇ ಸರಿ.