ವಸಂತದಲ್ಲಿ ಕೈಕಟ್ಟಿ ಕೂರುವ ಲಾನ್ ಕೆಲಸ

ಹಿಮ ಕರಗಿ ನಾಲ್ಕು ದಿನ ಬಿಸಿಲು ಬಂತೆಂದರೆ ಮನೆಮುಂದೆ ಹುಲ್ಲುಹಾಸು ಇಟ್ಟುಕೊಂಡವರಿಗೆಲ್ಲ ಕೈ ತುರಿಸುತ್ತದೆ. ರೇಕ್ ಹೊರಗೆ ಬರುತ್ತದೆ, ಗೊಬ್ಬರದ ಚೀಲ ಬಿಚ್ಚಿಕೊಳ್ಳುತ್ತದೆ. ನಾನು ಆಗ ಆದಷ್ಟು ಸುಮ್ಮನಿರುತ್ತೇನೆ. ನನ್ನ ಲಾನಿನ ದೊಡ್ಡ ಕೆಲಸಗಳೆಲ್ಲ ಬೇಸಿಗೆಯ ಕಾವು ಇಳಿದ ಮೇಲೆ ಶುರುವಾಗಿ, ನೆಲ ಹೆಪ್ಪುಗಟ್ಟುವುದರೊಳಗೆ ಮುಗಿದಿರುತ್ತವೆ.

ಕಾರಣ ಹುಲ್ಲಿನಲ್ಲೇ ಇದೆ. ಚಳಿ ತಾಳುವ ಕೆಂಟಕಿ ಬ್ಲೂಗ್ರಾಸ್, ರೈಗ್ರಾಸ್, ಫೆಸ್ಕ್ಯೂ ಇವೆಲ್ಲ 15ರಿಂದ 24 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹುಲುಸಾಗಿ ಬೆಳೆಯುತ್ತವೆ. ಬೇರಿಗೆ ಇನ್ನೂ ತಂಪು ಬೇಕು. ಮಣ್ಣು 10ರಿಂದ 18 ಡಿಗ್ರಿ ಇದ್ದರೆ ಸಾಕು. ಈ ಹದ ವರ್ಷಕ್ಕೆ ಎರಡು ಸಲ ಸಿಗುತ್ತದೆ. ವಸಂತದಲ್ಲಿ ಮೊಳೆತ ಎಳೆ ಹುಲ್ಲಿಗೆ ಬೇರು ಇಳಿಯುವ ಮುಂಚೆಯೇ ಬೇಸಿಗೆ ಎದುರಾಗುತ್ತದೆ, ಜೊತೆಗೆ ಕಳೆಗಳ ಪೈಪೋಟಿ ಬೇರೆ. ಎಲೆ ಉದುರುವ ಕಾಲದಲ್ಲಾದರೆ ಮಣ್ಣಿನಲ್ಲಿ ಬೇಸಿಗೆಯ ಬಿಸುಪು ಉಳಿದಿರುತ್ತದೆ, ಕಳೆಗಳ ಆರ್ಭಟ ಇಳಿದಿರುತ್ತದೆ.

ಮೊದಲು ನೆಲ ನೋಡುತ್ತೇನೆ. ಉದ್ದನೆಯ ಸ್ಕ್ರೂಡ್ರೈವರ್ ಚುಚ್ಚಿದಾಗ ಸಲೀಸಾಗಿ ಇಳಿದರೆ ಸರಿ. ಎರಡು ಬೆರಳಗಲ ಇಳಿದು ತಡೆದರೆ ಮಣ್ಣು ಗಟ್ಟಿಯಾಗಿದೆ ಎಂದರ್ಥ. ಆಗ ಮಣ್ಣಿಗೆ ಗಾಳಿಯಾಡಲು ತೂತು ಮಾಡುವ ಯಂತ್ರ, ಅಂದರೆ ಏರೇಟರ್, ಬಾಡಿಗೆಗೆ ತರುತ್ತೇನೆ. ಬರೀ ಮೊಳೆ ಚುಚ್ಚುವಂಥದ್ದಲ್ಲ, ಟೊಳ್ಳು ಹಲ್ಲುಗಳಿಂದ 5ರಿಂದ 8 ಸೆಂ.ಮೀ. ಉದ್ದದ ಮಣ್ಣನ್ನು ಕಿತ್ತು ಹೊರಗೆ ಹಾಕುವಂಥದ್ದು. ಮೊಳೆ ಚುಚ್ಚಿದರೆ ಸುತ್ತಲಿನ ಮಣ್ಣು ಇನ್ನಷ್ಟು ಒತ್ತಿಕೊಳ್ಳುತ್ತದೆ. ಹಿಂದಿನ ದಿನ ನೀರು ಬಿಟ್ಟು ಮಣ್ಣು ಹದಕ್ಕೆ ಬಂದಿರಬೇಕು. ಕೆಸರೂ ಆಗಬಾರದು, ಬಿರುಸೂ ಇರಬಾರದು. ಕಿತ್ತುಬಂದ ಮಣ್ಣಿನ ತುಂಡುಗಳನ್ನು ಗುಡಿಸಲು ಹೋಗುವುದಿಲ್ಲ. ನೋಡುವುದಕ್ಕೆ ಅಸಹ್ಯವೇ, ಆದರೆ ಮಳೆಗೆ ಅವು ತಾವಾಗಿ ಕರಗುತ್ತವೆ.

ಬೀಜವನ್ನು ಕೂಡಲೇ ಎರಚುತ್ತೇನೆ. ಗಟ್ಟಿ ಹೆಪ್ಪು ಬೀಳುವುದಕ್ಕೆ ಕನಿಷ್ಠ ಒಂದೂವರೆ ತಿಂಗಳಾದರೂ ಇರಬೇಕೆಂಬುದು ನನ್ನ ಲೆಕ್ಕ. ಇಲ್ಲಿ ಅನೇಕರು ಎಡವುವುದು ನೀರಿನ ವಿಷಯದಲ್ಲಿ. ಬೆರಕೆ ಬೀಜದಲ್ಲಿ ರೈಗ್ರಾಸ್ ಒಂದು ವಾರದಲ್ಲೇ ಹಸಿರಾಗುತ್ತದೆ. ಬ್ಲೂಗ್ರಾಸ್‌ಗೆ ಎರಡರಿಂದ ನಾಲ್ಕು ವಾರ ಬೇಕು. ಮೊದಲ ಹಸಿರು ಕಂಡೊಡನೆ ‘ಮೊಳೆಯಿತಲ್ಲ’ ಎಂದು ನೀರು ನಿಲ್ಲಿಸಿದರೆ, ನಿಧಾನಕ್ಕೆ ಏಳಬೇಕಿದ್ದ ಒಳ್ಳೆಯ ಹುಲ್ಲೇ ಒಣಗಿಹೋಗುತ್ತದೆ. ಹಾಗಾಗಿ ತಿಂಗಳ ತನಕ ಮೇಲ್ಮಣ್ಣು ಆರದಂತೆ, ದಿನಕ್ಕೆರಡು ಸಲ ತೆಳುವಾಗಿ ಚಿಮುಕಿಸುತ್ತೇನೆ.

ಗೊಬ್ಬರವೂ ಆಗಲೇ. ಚದರ ಮೀಟರಿಗೆ ಸುಮಾರು 5 ಗ್ರಾಂ ಸಾರಜನಕ, ಅಂದರೆ ಚೀಲದ ಮೇಲೆ 20 ಪರ್ಸೆಂಟ್ ಎಂದಿದ್ದರೆ 25 ಗ್ರಾಂ ಗೊಬ್ಬರ. ನೆಲ ಹೆಪ್ಪುಗಟ್ಟಿದ ಮೇಲೆ ಹಾಕಿದರೆ ಅದು ಹಿಮದ ನೀರಿನೊಂದಿಗೆ ಚರಂಡಿ ಸೇರುತ್ತದೆ, ಅಷ್ಟೇ. ಉದುರಿದ ಎಲೆ ತೆಳುವಾಗಿದ್ದರೆ ಹುಲ್ಲು ಕತ್ತರಿಸುವ ಮೋವರ್ ಓಡಿಸಿ ಪುಡಿಮಾಡಿ ಅಲ್ಲೇ ಬಿಡುತ್ತೇನೆ. ಹುಲ್ಲು ಮುಚ್ಚಿಹೋಗುವಷ್ಟಿದ್ದರೆ ಬಾಚಿ ತೆಗೆಯಲೇಬೇಕು. ಉಳಿದ ಕಾಲದಲ್ಲಿ 7–8 ಸೆಂ.ಮೀ. ಇರುವ ಹುಲ್ಲನ್ನು ಕಡೆಯ ಕಟಾವಿನ ಹೊತ್ತಿಗೆ ಹಂತಹಂತವಾಗಿ 5–6ಕ್ಕೆ ಇಳಿಸುತ್ತೇನೆ. ಉದ್ದ ಬಿಟ್ಟರೆ ಹಿಮದ ಭಾರಕ್ಕೆ ಮಲಗಿ ಬೂಷ್ಟು ಹಿಡಿಯುತ್ತದೆ. ಒಂದೇ ಸಲಕ್ಕೆ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಕತ್ತರಿಸುವುದು ಮಾತ್ರ ಯಾವ ಕಾಲದಲ್ಲೂ ಬೇಡ.

ಚಳಿಗಾಲದಲ್ಲಿ ಎಚ್ಚರ ಎರಡೇ. ಹುಲ್ಲಿನ ಮೇಲೆ ಮಂಜು ಬೆಳ್ಳಗೆ ಗಡ್ಡೆಕಟ್ಟಿದ ಬೆಳಿಗ್ಗೆ ಯಾರನ್ನೂ ತುಳಿಯಗೊಡುವುದಿಲ್ಲ. ತುಳಿದಲ್ಲಿ ಎಲೆಯ ಕೋಶಗಳು ಒಡೆದು ಹೆಜ್ಜೆಯ ಆಕಾರದಲ್ಲೇ ಕಂದು ಕಲೆ ಏಳುತ್ತದೆ. ಇನ್ನೊಂದು, ದಾರಿಯ ಹಿಮ ಕರಗಿಸಲು ಹಾಕುವ ಉಪ್ಪು. ಕಾಲುದಾರಿಯ ಹಿಮವನ್ನು ಮೊದಲು ಎತ್ತಿ ಹಾಕಿ ಆಮೇಲೆ ಉಪ್ಪು ಚೆಲ್ಲುತ್ತೇನೆ. ಅನುಕ್ರಮ ತಪ್ಪಿದರೆ ಉಪ್ಪು ಬೆರೆತ ಹಿಮವೆಲ್ಲ ಲಾನಿನ ಅಂಚಿಗೆ ಬೀಳುತ್ತದೆ.

ಹಿಮ ಕರಗಿದಾಗ ಅಲ್ಲಲ್ಲಿ ಬೂದುಬಣ್ಣದ ವೃತ್ತಗಳು ಕಂಡರೆ ಗಾಬರಿಬೀಳಬೇಕಿಲ್ಲ. ಬಗ್ಗಿ ಎಲೆ ಬಿಡಿಸಿ ನೋಡಿದರೆ ಸಾಸಿವೆಗಾತ್ರದ ಕಂದು ಕಾಳುಗಳು ಅಂಟಿರುತ್ತವೆ. ಅದು ಬೂದು ಬೂಷ್ಟು. ತಿಂಗಳುಗಟ್ಟಲೆ ಹಿಮ ಮುಚ್ಚಿದ್ದಲ್ಲಿ ಬರುತ್ತದೆ, ಬಹುತೇಕ ಬುಡ ಜೀವಂತವಾಗಿಯೇ ಇರುತ್ತದೆ. ನೆಲ ಆರಿದ ಮೇಲೆ ಮೆಲ್ಲಗೆ ಬಾಚಿ ಗಾಳಿಯಾಡಿಸಿದರೆ ಆಯಿತು. ಕಾಲಿಟ್ಟರೆ ಗುಳಿ ಬೀಳುವಷ್ಟು ನೆಲ ಮೆತ್ತಗಿರುವಾಗ ರೇಕ್ ಹಿಡಿದು ಇಳಿಯುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ವಸಂತದಲ್ಲಿ ನಾನು ತಪ್ಪದೆ ಮಾಡುವುದು ಥರ್ಮಾಮೀಟರನ್ನು 5 ಸೆಂ.ಮೀ. ಆಳಕ್ಕೆ ಚುಚ್ಚಿ ನೋಡುವುದು. ಅಲ್ಲಿ ಕೆಲವು ದಿನ 13 ಡಿಗ್ರಿ ನಿಂತಿತೆಂದರೆ ಕ್ರ್ಯಾಬ್‌ಗ್ರಾಸ್ ಎಂಬ ಕಳೆ ಮೊಳೆಯುತ್ತದೆ. ಕಳೆ ತಡೆಯುವ ಮದ್ದು ಅದಕ್ಕೂ ಮುಂಚೆ ಬೀಳಬೇಕು. ಆದರೆ ಇಂಥ ಮದ್ದುಗಳಲ್ಲಿ ಹೆಚ್ಚಿನವು ನಾವು ಬಿತ್ತಿದ ಬೀಜವನ್ನೂ ಮೊಳೆಯಗೊಡುವುದಿಲ್ಲ. ಬಿತ್ತನೆಯನ್ನು ಎಲೆ ಉದುರುವ ಕಾಲಕ್ಕೆ ಇಟ್ಟುಕೊಂಡಿದ್ದಕ್ಕೆ ಇದೂ ಒಂದು ಕಾರಣ.

ಬೇಸಿಗೆಯಲ್ಲಿ ವಾರಕ್ಕೆ 2.5 ಸೆಂ.ಮೀ. ನೀರು, ಇಲ್ಲವಾದರೆ ಹುಲ್ಲು ಹಳದಿಯಾಗಿ ನಿದ್ದೆಗೆ ಜಾರಲಿ ಎಂದು ಬಿಡುವುದು. ನಡುವೆ ಎಬ್ಬಿಸುವುದು, ಮತ್ತೆ ಒಣಗಿಸುವುದು ಎರಡಕ್ಕಿಂತ ಕೆಟ್ಟದ್ದು. ಮಲಗಿದ ಹುಲ್ಲಿನ ಬುಡ ಉಳಿಯಲು ಎರಡು ಮೂರು ವಾರಕ್ಕೊಮ್ಮೆ ಒಂದು ಸೆಂ.ಮೀ. ಚಿಲ್ಲರೆ ನೀರು ಸಾಕು. ಸತ್ತಿದೆಯೋ ಮಲಗಿದೆಯೋ ಅನುಮಾನ ಬಂದರೆ ಒಂದು ಹಿಡಿ ಹಿಡಿದು ಎಳೆಯುತ್ತೇನೆ. ಬಿಗಿಯಾಗಿ ಕಚ್ಚಿಕೊಂಡು ಬುಡದಲ್ಲಿ ಬೆಳ್ಳಗಿದ್ದರೆ ಜೀವ ಇದೆ. ಬೇರಿಲ್ಲದೆ ಸುರುಳಿ ಸುತ್ತುವ ಹಾಗೆ ಎದ್ದುಬಂದರೆ ಅದು ಬಾಯಾರಿಕೆಯಲ್ಲ, ಬೇರು ತಿನ್ನುವ ಗೊಣ್ಣೆಹುಳು. ಒಂದು ಅಡಿ ಚೌಕದಲ್ಲಿ ಒಂದೆರಡು ಸಿಕ್ಕರೆ ಬಿಟ್ಟುಬಿಡುತ್ತೇನೆ. ಹತ್ತರ ಹತ್ತಿರ ಹೋದರೆ ಮಾತ್ರ ಮದ್ದು ತರುತ್ತೇನೆ.